ಕೊಡಿ, ಆದರೆ ಜೊತೆಗೆ ಕೂತು ಓದಿ

ಮಾನ್ಯರೇ,

ಕನ್ನಡಕ್ಕೂ ಬಂದಿರುವ ಲಾರಾ ಇಂಗಲ್ಸ್ ವೈಲ್ಡರ್ ಅವರ ಕಾದಂಬರಿ ‘ಲಿಟಲ್ ಹೌಸ್ ಆನ್ ದಿ ಪ್ರೇರಿ’ (1935) ಮಕ್ಕಳಿಗೆ ತಕ್ಕುದೇ ಎಂದು ಪೋಷಕರು ಕೇಳುತ್ತಾರೆ. ಖಂಡಿತ ಕೊಡಿ, ಆದರೆ ಮಗುವಿನ ಕೈಗಿಟ್ಟು ಸುಮ್ಮನಾಗಬೇಡಿ. ಕಥೆಯ ಪುಟ್ಟ ಹುಡುಗಿ ಲಾರಾಳ ಅಪ್ಪ ದಿಮ್ಮಿ ಜೋಡಿಸಿ ಮನೆ ಕಟ್ಟುವುದು, ಬಾವಿ ತೋಡುವುದು ಎಲ್ಲವೂ ಸೊಗಸು. ಆ ಮನೆ ಎದ್ದದ್ದು ಮಾತ್ರ ಅಮೆರಿಕದ ಕಾನ್ಸಾಸ್‌ನ ಓಸೇಜ್ ಎಂಬ ಮೂಲನಿವಾಸಿಗಳ ನೆಲದಲ್ಲಿ. ‘ಸತ್ತ ಇಂಡಿಯನ್ನನೇ ಒಳ್ಳೆಯ ಇಂಡಿಯನ್’ (ಇಂಡಿಯನ್ ಎಂದರೆ ಇಲ್ಲಿ ಅಮೆರಿಕದ ಮೂಲನಿವಾಸಿ) ಎಂಬ ಕ್ರೂರ ಮಾತು ನೆರೆಯಾಕೆಯ ಬಾಯಲ್ಲಿ ಬರುತ್ತದೆ. ಅಪ್ಪ ಅದನ್ನು ಒಪ್ಪುವುದಿಲ್ಲ. ಅಮ್ಮನಿಗೋ ಮೂಲನಿವಾಸಿಗಳನ್ನು ಕಂಡರಾಗದು. ಇಡೀ ಮನೆ ಮಲೇರಿಯಾದಿಂದ ಮಲಗಿದಾಗ ಔಷಧಿ ಕೊಟ್ಟು ಉಳಿಸುವವರು ಕಪ್ಪು ವರ್ಣೀಯ ಡಾಕ್ಟರ್ ಟ್ಯಾನ್. ಕೊನೆಗೆ ಓಸೇಜರು ಸಾಲುಸಾಲಾಗಿ ಹೊರಟುಹೋಗುವಾಗ ಪುಟ್ಟ ಲಾರಾ ಅಳುತ್ತಾಳೆ. ‘ಅವರೇಕೆ ಹೋಗಬೇಕು?’ ಎಂದು ಮಗು ಕೇಳಿದರೆ ಪುಟ ಹಾರಿಸದೆ ಉತ್ತರಿಸಲು ದೊಡ್ಡವರು ಪಕ್ಕದಲ್ಲಿರಲೇಬೇಕು.

– ಶಾಲಾ ಶಿಕ್ಷಕಿ, ಸಾಗರ