ಮಗಳಿಗೊಂದು ಪತ್ರ: ಯಾರೂ ಸಾಯದ ಆಟದಲ್ಲಿ ಭಯ ಎಲ್ಲಿಂದ ಬರುತ್ತೆ?

ಪ್ರೀತಿಯ ಮಗಳೇ,

ರಜೆಯಲ್ಲಿ ತಮ್ಮನಿಗೂ ಅವನ ಗೆಳೆಯರಿಗೂ ನೀನೇ ಗೇಮ್ ಮಾಸ್ಟರ್, ಅಂದರೆ ಕಥೆ ಹೇಳಿ ಆಟ ನಡೆಸುವವಳು, ಅಂತ ಓದಿ ತುಂಬಾ ಖುಷಿಯಾಯಿತು. ಜೊತೆಗೆ ಒಂದು ತಕರಾರನ್ನೂ ಬರೆದಿದ್ದೀಯ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ 'ಟೇಲ್ಸ್ ಫ್ರಮ್ ದಿ ಲೂಪ್' ಆಟದಲ್ಲಿ ಮಕ್ಕಳ ಪಾತ್ರಗಳು ಸಾಯುವುದೇ ಇಲ್ಲ. ಹಾಗಿದ್ದ ಮೇಲೆ ರಾಕ್ಷಸನಿಗೆ ಯಾರು ಹೆದರುತ್ತಾರೆ, ಆ ನಿಯಮ ತೆಗೆದುಬಿಡ್ತೀನಿ ಅಂತ. ದಯವಿಟ್ಟು ತೆಗೆಯಬೇಡ. ಆಟದ ಜೀವ ಇರುವುದೇ ಅಲ್ಲಿ.

ನೀನು ಮೊದಲು ಕಲಿತದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಬಂದ ಆ ಆಟ ಮೇಜಿನ ಮೇಲೆ ಸೈನ್ಯ ಜೋಡಿಸಿ ಆಡುವ ಯುದ್ಧದಾಟಗಳಿಂದ ಬೆಳೆದದ್ದು. ಅದಕ್ಕೇ ಅಲ್ಲಿ ಹಿಟ್ ಪಾಯಿಂಟ್, ಅಂದರೆ ಪಾತ್ರ ಎಷ್ಟು ಪೆಟ್ಟು ತಡೆಯುತ್ತೆ ಅನ್ನೋ ಲೆಕ್ಕಕ್ಕೆ ಅಷ್ಟು ಬೆಲೆ. ಪೆಟ್ಟು ಬಿದ್ದರೆ ಪಾಯಿಂಟ್ ಇಳಿಯುತ್ತೆ. ಆದರೆ ಹತ್ತು ವರ್ಷದ ಹುಡುಗಿ ರಾಕ್ಷಸನ ಎದುರು ನಿಂತಾಗ ಈ ಲೆಕ್ಕದಿಂದ ಏನು ಪ್ರಯೋಜನ? ಅವಳು ಹೊಡೆದಾಡಿ ಗೆಲ್ಲಲ್ಲ ಅಂತ ಎಲ್ಲರಿಗೂ ಗೊತ್ತು. ಸಾವು ಬಿಟ್ಟು ಅವಳು ಇನ್ನೇನು ಕಳೆದುಕೊಳ್ಳಬಹುದು ಅನ್ನೋದನ್ನ ಹುಡುಕಬೇಕು. ಹುಡುಕಿದರೆ ಬೇಕಾದಷ್ಟು ಸಿಗುತ್ತೆ.

ಸ್ವೀಡನ್ನಿನ ಫ್ರೀ ಲೀಗ್ ಅನ್ನೋ ಪ್ರಕಾಶಕರು 2017ರಲ್ಲಿ ತಂದ 'ಟೇಲ್ಸ್ ಫ್ರಮ್ ದಿ ಲೂಪ್'ನಲ್ಲಿ ಪಾತ್ರಗಳ ವಯಸ್ಸು 10ರಿಂದ 15. ಎಷ್ಟು ವಯಸ್ಸೋ ಅಷ್ಟು ಅಂಕಗಳನ್ನ ಮೈಬಲ, ಯಂತ್ರಜ್ಞಾನ, ಮನಸ್ಸು, ಬುದ್ಧಿ ಅಂತ ನಾಲ್ಕು ಕಡೆ ಹಂಚಿಕೊಳ್ಳಬೇಕು. ಅದೃಷ್ಟದ ಅಂಕ ಮಾತ್ರ 15ರಿಂದ ವಯಸ್ಸು ಕಳೆದರೆ ಉಳಿಯುವಷ್ಟು. ಅಂದರೆ ಹತ್ತರ ಮಗುವಿಗೆ ಬಲ ಕಮ್ಮಿ, ಅದೃಷ್ಟ ಐದು. ಹದಿನೈದರ ಹುಡುಗನಿಗೆ ಬಲ ಜಾಸ್ತಿ, ಅದೃಷ್ಟ ಸೊನ್ನೆ. ದೊಡ್ಡವರಾಗುವುದು ಅಂದರೆ ಏನು ಅಂತ ಇಷ್ಟು ಚಿಕ್ಕ ಲೆಕ್ಕದಲ್ಲಿ ಹಿಡಿದಿದ್ದಾರಲ್ಲ, ನನಗೆ ಅದು ತುಂಬಾ ಇಷ್ಟ.

ಭಯಕ್ಕೆ ಪಾತ್ರದ ವಿವರ ಬರೆದಿಡುವ ಕ್ಯಾರೆಕ್ಟರ್ ಶೀಟಿನಲ್ಲೇ ಜಾಗ ಇದೆ. ಬೇಸರ, ಭಯ, ಸುಸ್ತು, ಗಾಯ, ಕೊನೆಗೆ ಪೂರ್ತಿ ಕುಸಿತ, ಇವೇ ಅಲ್ಲಿರುವ ಚೌಕಗಳು. ನಾನು ಗೆಳತಿಯರಿಗೆ ಆಡಿಸಿದಾಗ ಒಬ್ಬಳ ಪಾತ್ರ ಶಾಲೆಯ ನೆಲಮಾಳಿಗೆಯಲ್ಲಿ ಸಿಕ್ಕಿಕೊಂಡಿತ್ತು. ಕಪಾಟಿನ ಹಿಂದೆ ಏನೋ ಉಸಿರಾಡುತ್ತಿದೆ. ಸದ್ದಿಲ್ಲದೆ ದಾಟಬೇಕು. ನಾಲ್ಕು ದಾಳ ಹಾಕಿದಳು. ಎರಡು, ಮೂರು, ಒಂದು, ಐದು. ಆರು ಬೀಳದಿದ್ದರೆ ಗೆಲುವಿಲ್ಲ. ಮತ್ತೆ ಹಾಕಬಹುದು, ಆದರೆ ಅದಕ್ಕೆ ಒಂದು ಚೌಕಕ್ಕೆ ಗುರುತು ಹಾಕಬೇಕು. 'ಭಯ'ದ ಚೌಕದ ಮೇಲೆ ಪೆನ್ಸಿಲ್ ಇಟ್ಟು ಸುಮಾರು ಹೊತ್ತು ಸುಮ್ನೆ ಕೂತಳು. ಆಮೇಲೆ ಗುರುತು ಹಾಕಿ ಮತ್ತೆ ಎಸೆದಳು. ಆರು ಬಿತ್ತು, ದಾಟಿದಳು. ಆದರೆ ಆ ಗುರುತು ಇರೋತನಕ ಪ್ರತಿ ಸಲ ಒಂದು ದಾಳ ಕಮ್ಮಿ. ಯಾರೂ ಸಾಯಲಿಲ್ಲ ಅಲ್ವಾ? ಆದರೂ ಮೇಜಿನ ಸುತ್ತ ಒಬ್ಬರೂ ಉಸಿರು ಬಿಟ್ಟಿರಲಿಲ್ಲ.

ಆ ಗುರುತು ಅಳಿಸುವ ದಾರಿಯನ್ನಂತೂ ನೀನು ಅವಸರದಲ್ಲಿ ಮುಗಿಸಲೇಬೇಡ. ಪ್ರತಿ ಮಗುವಿಗೂ ಒಬ್ಬರು ಆಂಕರ್, ಅಂದರೆ ಆಸರೆಯಾಗುವವರು, ಇರುತ್ತಾರೆ. ಅಜ್ಜಿಯೋ, ಟೀಚರೋ, ಪಕ್ಕದ ಮನೆಯವರೋ. ಅವರ ಜೊತೆ ಸ್ವಲ್ಪ ಹೊತ್ತು ಕಳೆದರೆ ಚೌಕಗಳು ಖಾಲಿಯಾಗುತ್ತವೆ. ಅಜ್ಜಿ ರಾಕ್ಷಸನ ಮಾತು ನಂಬಲ್ಲ, ನಂಬಬಾರದು ಕೂಡ. ಈ ಆಟದಲ್ಲಿ ದೊಡ್ಡವರು ಸಹಾಯಕ್ಕೆ ಸಿಗುವುದಿಲ್ಲ, ಅವರಿಗೆ ಏನೂ ಅರ್ಥವಾಗುವುದೂ ಇಲ್ಲ. ಆದರೂ ಅಜ್ಜಿ ಪಕ್ಕದಲ್ಲಿ ಕೂರಿಸಿಕೊಂಡು ತಲೆ ಸವರುತ್ತಾಳೆ. ಆ ದೃಶ್ಯ ಆಡಿಸು. ಹುಡುಗರು ಮೊದಲು ನಾಚಿಕೊಂಡು ನಗಬಹುದು. ನಗಲಿ, ನೀನು ಮುಂದುವರಿಸು.

'ಮಾನ್‌ಸ್ಟರ್ಸ್ ಅಂಡ್ ಅದರ್ ಚೈಲ್ಡಿಷ್ ಥಿಂಗ್ಸ್' ಅನ್ನೋ ಇನ್ನೊಂದು ಆಟ ಇದೆ. ಅಲ್ಲಿ ರಾಕ್ಷಸನೇ ಮಗುವಿನ ಗೆಳೆಯ. ಕಷ್ಟ ಬಂದಾಗ ಮಗು ಅಮ್ಮನ ಮೇಲಿನ ಪ್ರೀತಿ ನೆನೆದು ಹೆಚ್ಚು ದಾಳ ತೆಗೆದುಕೊಳ್ಳಬಹುದು. ಸೋತರೆ ಪೆಟ್ಟು ಬೀಳುವುದು ಆ ಸಂಬಂಧಕ್ಕೇ. ಆಮೇಲೆ ಮನೆಗೆ ಹೋಗಿ ಅದನ್ನ ಸರಿಮಾಡಿಕೊಳ್ಳಬೇಕು. ನಿನ್ನ ಹಿಟ್ ಪಾಯಿಂಟಿಗಿಂತ ಇದು ಎಷ್ಟು ಗಟ್ಟಿ ನೋಡು. ಪಾತ್ರ ಸತ್ತರೆ ಹೊಸ ಶೀಟ್ ತೆಗೆದು ಇನ್ನೊಂದು ಹೆಸರು ಬರೆದರಾಯಿತು. ಅಮ್ಮನ ಜೊತೆ ಮುರಿದ ಮಾತು ಮುಂದಿನ ವಾರವೂ ಮುರಿದೇ ಇರುತ್ತೆ.

ಇನ್ನು ನಿನ್ನ ರಾಕ್ಷಸ. ಹಲ್ಲು, ಉಗುರು, ಎತ್ತರ ಎಲ್ಲಾ ಬರೆದು ಕಳಿಸಿದ್ದೀಯ. ಅವನಿಗೆ ಏನು ಬೇಕು ಅಂತ ಮಾತ್ರ ಬರೆದಿಲ್ಲ. ಅದನ್ನ ಮೊದಲು ಯೋಚಿಸು. ಯಾರನ್ನೋ ಹುಡುಕುತ್ತಿದ್ದಾನಾ? ಯಾವುದನ್ನೋ ಕಾಯುತ್ತಿದ್ದಾನಾ? ಬೇಕಾದದ್ದು ಗೊತ್ತಾದರೆ ಮಕ್ಕಳಿಗೆ ಹೊಡೆದಾಟ ಬಿಟ್ಟು ಬೇರೆ ದಾರಿ ಕಾಣುತ್ತೆ. ಮೊದಲ ದಿನ ಅವನನ್ನ ತೋರಿಸಲೇಬೇಡ. ಒದ್ದೆ ಹೆಜ್ಜೆ ಗುರುತು, ಯಾರದೋ ದನಿಯಲ್ಲಿ ಒಂದು ಕೂಗು, ಅಷ್ಟು ಸಾಕು. ಮಿಕ್ಕಿದ್ದನ್ನ ಅವರೇ ಕಲ್ಪಿಸಿಕೊಳ್ಳುತ್ತಾರೆ.

ಎಕ್ಸ್ ಕಾರ್ಡ್ ಮರೆಯಬೇಡ. ಒಂದು ಚೀಟಿಯಲ್ಲಿ ಇಂಗ್ಲಿಷಿನ ಎಕ್ಸ್ ಅಕ್ಷರ ಬರೆದು ಮೇಜಿನ ನಡುವೆ ಇಡು. ಯಾರು ಮುಟ್ಟಿದರೂ ಆಗ ನಡೆಯುತ್ತಿರುವುದನ್ನ ಕಥೆಯಿಂದ ತೆಗೆದುಬಿಡಬೇಕು, ಯಾಕೆ ಅಂತ ಕೇಳಬಾರದು. ಆಟ ಶುರುವಾಗುವ ಮೊದಲು ನೀನೇ ಒಮ್ಮೆ ಮುಟ್ಟಿ ತೋರಿಸು. ಚಿಕ್ಕವರು ದೊಡ್ಡಕ್ಕನ ಎದುರು 'ಸಾಕು' ಅಂತ ಬಾಯಿಬಿಟ್ಟು ಹೇಳಲ್ಲ. ತಮ್ಮ ಅಂತೂ ಗೆಳೆಯರ ಮುಂದೆ ಹೇಳೋದೇ ಇಲ್ಲ. ಪಾತ್ರಕ್ಕೆ ಭಯವಾಗಲಿ, ಆಡುವ ಮಗುವಿಗೆ ರಾತ್ರಿ ನಿದ್ದೆ ಬರಲಿ.

ರಾಕ್ಷಸನಿಗೆ ಏನು ಬೇಕು ಅಂತ ತೀರ್ಮಾನವಾದ ಮೇಲೆ ನನಗೆ ಬರೆ. ತಮ್ಮನಿಗೆ ಹೇಳಲ್ಲ.

ಪ್ರೀತಿಯಿಂದ,
ಅಮ್ಮ