ಇನ್ನು ಮುಂದೆ ಹೊಸ ಡಬ್ಬ ಮಾತ್ರ: ನಮ್ಮ ಪೈಪ್ ತಂಬಾಕಿನ ಗ್ರಾಹಕರಿಗೆ

ಆತ್ಮೀಯ ಗ್ರಾಹಕರೇ,

ಬರುವ ತಿಂಗಳ 1ರಿಂದ ಒಳಗಿನ ಬೀರು ಖಾಲಿ ಮಾಡುತ್ತಿದ್ದೇವೆ. ಮೈಲ್ಡ್ ಇಂಗ್ಲಿಷ್ ಮಿಶ್ರಣಗಳನ್ನು (ಹೊಗೆ ಹಾಕಿದ ಲಟಾಕಿಯಾ ಎಲೆ ಚಿಟಿಕೆಯಷ್ಟೇ ಇರುವ ಪೈಪ್ ತಂಬಾಕು) ರುಚಿ ಹದವಾಗಲಿ ಅಂತ ಮೂರ್ನಾಲ್ಕು ವರ್ಷ ಇಟ್ಟು, ತಾರೀಕಿನ ಚೀಟಿ ಅಂಟಿಸಿ ಮಾರುತ್ತಿದ್ದೆವಲ್ಲ, ಅದು ಇನ್ನಿಲ್ಲ. ಬಂದ ಡಬ್ಬ ಬಂದ ಹಾಗೇ ಮಾರಾಟ. ಜಾಡಿಯಿಂದ ಹತ್ತಿಪ್ಪತ್ತು ಗ್ರಾಂ ತೂಗಿ ಕೊಡುವುದು ಹೇಗೂ ನಿಂತಿದೆ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಂಬಾಕು ತಿದ್ದುಪಡಿ ಕಾಯ್ದೆಯ ಪ್ರಕಾರ ಬಿಡಿ ಮಾರುವಂತಿಲ್ಲ, 21 ವರ್ಷ ತುಂಬದವರಿಗೆ ಮಾರುವಂತಿಲ್ಲ. ತಲೆ ನರೆತವರ ಹತ್ತಿರವೂ ನಮ್ಮ ಹುಡುಗ ಆಧಾರ್ ಕೇಳಿದನಂತೆ. ನಕ್ಕು ಬಿಟ್ಟುಬಿಡಿ, ಅವನ ಕೆಲಸ ಅದು.

ಬೇಜಾರಾಗುತ್ತದೆ ಅಂತ ಗೊತ್ತು. ನಮಗೂ ಆಗಿದೆ, ಕ್ಷಮಿಸಿ. ಆದರೆ "ಇವರಿಗೆ ದುಡ್ಡಿನ ಆಸೆ ಜಾಸ್ತಿ ಆಯ್ತು" ಅನ್ನುವ ಮಾತು ಕಿವಿಗೆ ಬಿದ್ದಿದೆ. ಅದಕ್ಕೆ ಉತ್ತರ ಕೊಡದೆ ಇರಲಾರೆವು.

ಆಮದು ಡಬ್ಬ ನಮ್ಮ ಕೈಗೆ ಸಿಗುವ ಮುಂಚೆಯೇ ಅದರ ತೆರಿಗೆ ಕಟ್ಟಿ ಆಗಿರುತ್ತದೆ. ಮೊದಲು ಕಸ್ಟಮ್ಸ್. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಪೈಪ್ ತಂಬಾಕಿಗೆ ಹಾಕಿದ್ದು 28 ಪರ್ಸೆಂಟ್ ಜಿಎಸ್‌ಟಿ, ಅದರ ಮೇಲೆ 290 ಪರ್ಸೆಂಟ್ ಸೆಸ್. ಹೌದು, ಇನ್ನೂರ ತೊಂಬತ್ತು, ಅಚ್ಚಿನ ತಪ್ಪಲ್ಲ. 2026ರ ಫೆಬ್ರವರಿಯಿಂದ ಸೆಸ್ ಹೋಗಿದೆ. "ಹಾಗಾದರೆ ರೇಟ್ ಇಳೀಬೇಕು ಅಲ್ವಾ?" ಅಂತ ಕೇಳುತ್ತೀರಿ. ಇಳಿಯಲಿಲ್ಲ. ಜಿಎಸ್‌ಟಿ 40 ಪರ್ಸೆಂಟ್ ಆಯಿತು, ಸೆಸ್ ಇದ್ದ ಜಾಗಕ್ಕೆ ಅಬಕಾರಿ ಸುಂಕ ಬಂದು ಕೂತಿತು. ಈಗ ಲೆಕ್ಕ ಹಾಕಿ. ತಂಬಾಕಿನ ಜೊತೆ ಕಟ್ಟಿದ ತೆರಿಗೆಯೂ ಮೂರು ವರ್ಷ ಬೀರುವಿನಲ್ಲಿ ಕೂರುತ್ತದೆ. ಬ್ಯಾಂಕಿನ ಬಡ್ಡಿ ಮಾತ್ರ ಕೂರುವುದಿಲ್ಲ, ಓಡುತ್ತಲೇ ಇರುತ್ತದೆ. ಹಳೆ ಡಬ್ಬಕ್ಕೆ ನಾವು ಇಟ್ಟಿದ್ದ ಹೆಚ್ಚುವರಿ ಬೆಲೆ ಆ ಬಡ್ಡಿಗೇ ಸಾಲುತ್ತಿರಲಿಲ್ಲ. ಸಾಲದ್ದಕ್ಕೆ ಹಳೆ ಡಬ್ಬದ ಮೇಲಿನ ಎಚ್ಚರಿಕೆ ಚಿತ್ರವೂ ಹಳೆಯದು. ತಪಾಸಣೆಗೆ ಬಂದವರಿಗೆಲ್ಲ ಆಮದಿನ ಬಿಲ್ ತೆಗೆದು ತಾರೀಕು ತೋರಿಸಬೇಕು. ಒಬ್ಬರಂತೂ ಬೀರುವಿನ ಮೇಲಿನ ಅಟ್ಟದಿಂದ ಶುರು ಮಾಡಿ ಕೆಳಗಿನವರೆಗೆ ಒಂದೊಂದೇ ಡಬ್ಬ ತಿರುಗಿಸಿ ನೋಡಿದರು.

"ಹುಣಸೂರು, ಪಿರಿಯಾಪಟ್ಟಣದಲ್ಲೇ ಹೊಗೆಸೊಪ್ಪು ಬೆಳೀತಾರಲ್ಲ ಸ್ವಾಮಿ" ಅನ್ನುವವರಿಗೆ ಒಂದೇ ಮಾತು. ಅಲ್ಲಿ ಬ್ಯಾರನ್‌ನಲ್ಲಿ ಬಿಸಿಗೆ ಒಣಗಿಸಿ, ತಂಬಾಕು ಮಂಡಳಿಯ ಹರಾಜಿಗೆ ಹೋಗುವ ವರ್ಜೀನಿಯಾ ತಂಬಾಕು ಹೆಚ್ಚಾಗಿ ಸಿಗರೇಟಿನ ಪಾಲು. ಇಂಗ್ಲಿಷ್ ಮಿಶ್ರಣಕ್ಕೆ ವರ್ಜೀನಿಯಾ ಜೊತೆ ಲಟಾಕಿಯಾ ಬೇಕು, ಟರ್ಕಿ ಕಡೆಯ ಓರಿಯೆಂಟಲ್ ಎಲೆ ಬೇಕು. ಲಟಾಕಿಯಾ ಅನ್ನುವುದು ಸಿರಿಯಾದ ಬಂದರಿನ ಹೆಸರಾದರೂ ಈಗ ಬರುವುದು ಹೆಚ್ಚಾಗಿ ಸೈಪ್ರಸ್ ಮಾದರಿಯದು. ಎಲೆಯನ್ನು ತೂಗುಹಾಕಿ, ಕೆಳಗೆ ಪೈನ್, ಮಿರ್ಟಲ್, ಮ್ಯಾಸ್ಟಿಕ್ ಕಟ್ಟಿಗೆಯ ಹೊಗೆ ಹಾಕಿ ಕಪ್ಪಾಗಿಸುತ್ತಾರೆ.

ಈಗ ಮುಖ್ಯ ದೂರು. ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ: "ಹಳೆ ಡಬ್ಬಕ್ಕೆ ಜಾಸ್ತಿ ದುಡ್ಡು ಕೊಟ್ಟೆ, ಹೊಗೆಯ ಘಮವೇ ಇಲ್ಲ. ಲಟಾಕಿಯಾ ತೆಗೆದು ಬೇರೆ ಏನೋ ತುಂಬಿದ್ದೀರಿ."

ಡಬ್ಬದ ಸೀಲ್ ಒಡೆಯುವುದು ನಿಮ್ಮ ಕೈ. ಅದರೊಳಗೆ ನಾವು ತುಂಬುವುದೆಲ್ಲಿಂದ ಬಂತು? ನಡೆಯುವುದು ಇಷ್ಟೇ. ವರ್ಜೀನಿಯಾದಲ್ಲಿ ಸಕ್ಕರೆ ಅಂಶ ಜಾಸ್ತಿ. ಮುಚ್ಚಿದ ಡಬ್ಬದಲ್ಲಿ ಅದು ನಿಧಾನವಾಗಿ ಹುದುಗಿ, ಬಣ್ಣ ಗಾಢವಾಗಿ, ಖಾರ ಇಳಿದು, ಒಣದ್ರಾಕ್ಷಿಯಂಥ ಸಿಹಿ ಬರುತ್ತದೆ. ಲಟಾಕಿಯಾದ ಕಥೆ ಉಲ್ಟಾ. ಅದರ ಶಕ್ತಿ ಇರುವುದೇ ಹೊಗೆಯ ಘಮದಲ್ಲಿ, ಆ ಘಮ ವರ್ಷ ಕಳೆದಂತೆ ಇಳಿಯುತ್ತದೆ. ಲಟಾಕಿಯಾ ಧಾರಾಳವಾಗಿರುವ ಗಟ್ಟಿ ಮಿಶ್ರಣದಲ್ಲಿ ಸ್ವಲ್ಪ ಇಳಿದರೆ ಗೊತ್ತಾಗುವುದಿಲ್ಲ. ಮೈಲ್ಡ್ ಮಿಶ್ರಣದಲ್ಲಿ ಇರುವುದೇ ಚಿಟಿಕೆ. ಕೆಲವು ವರ್ಷಕ್ಕೆ ಅದು ಹಿಂದೆ ಸರಿದು ವರ್ಜೀನಿಯಾ ಮುಂದೆ ಬಂದು ನಿಲ್ಲುತ್ತದೆ. ಕೆಲವರಿಗೆ ಅದೇ ಇಷ್ಟ. ಬೆಳಗಿನ ಕಾಫಿ ಜೊತೆ ಹೊಗೆಘಮ ಬೇಕು ಅನ್ನುವವರಿಗೆ ಅದು ಸಪ್ಪೆ. ಮಿಡಿ ಉಪ್ಪಿನಕಾಯಿಯ ಹಾಗೆ ಇಟ್ಟಷ್ಟೂ ರುಚಿ ಅಂದುಕೊಂಡರೆ ಮೈಲ್ಡ್ ಇಂಗ್ಲಿಷ್‌ನಲ್ಲಿ ಮೋಸ ಹೋಗುತ್ತೀರಿ. ನಮ್ಮ ಅಂದಾಜಿಗೆ ಎರಡು-ಮೂರು ವರ್ಷ ಅದಕ್ಕೆ ಸರಿಯಾದ ವಯಸ್ಸು. ಅಷ್ಟನ್ನು ನಿಮ್ಮ ಮನೆಯಲ್ಲೇ ಮಾಡಬಹುದು, ಅದಕ್ಕೆ ನಮ್ಮ ಬಡ್ಡಿ ಬೇಕಾಗಿಲ್ಲ.

ಇದೇ ಗೊಂದಲ ಅರ್ಲಿ ಮಾರ್ನಿಂಗ್ ಪೈಪ್ ಅನ್ನುವ ಮಿಶ್ರಣದ ವಿಷಯದಲ್ಲೂ. ಡನ್‌ಹಿಲ್ ಹೆಸರಿನ ಪೈಪ್ ತಂಬಾಕು 2018ರಲ್ಲಿ ನಿಂತು, 2019ರಲ್ಲಿ ಅದೇ ಮಿಶ್ರಣಗಳು ಪೀಟರ್ಸನ್ ಹೆಸರಿನಲ್ಲಿ ಬಂದವು. ಜೋಪಾನ ಮಾಡಿಟ್ಟ ಡನ್‌ಹಿಲ್ ಡಬ್ಬವನ್ನು ಈಗ ತೆರೆದು, ಪಕ್ಕದಲ್ಲಿ ಹೊಸ ಪೀಟರ್ಸನ್ ಇಟ್ಟು, "ಮೊದಲಿನ ಹಾಗಿಲ್ಲ" ಅನ್ನುತ್ತೀರಿ. ಹೇಗಿರುತ್ತದೆ ಹೇಳಿ? ಒಂದರ ವಯಸ್ಸು ಏಳೆಂಟು ವರ್ಷ, ಇನ್ನೊಂದು ನಿನ್ನೆ ಮೊನ್ನೆಯದು. ಹೋಲಿಸುವುದಾದರೆ ಒಂದೇ ವಯಸ್ಸಿನದನ್ನು ಹೋಲಿಸಿ.

ಇನ್ನೊಂದು. ಎರಡನ್ನೂ ಒಂದೇ ಹದಕ್ಕೆ ತನ್ನಿ. ಹೊಸ ಡಬ್ಬದ ತಂಬಾಕು ಸಾಮಾನ್ಯವಾಗಿ ಒದ್ದೆ. ಕಾಗದದ ಮೇಲೆ ಹರಡಿ, ಆಗಾಗ ಚಿಟಿಕೆ ಹಿಡಿದು ಒತ್ತಿ ನೋಡಿ. ಬೆರಳು ಬಿಟ್ಟಾಗ ಉಂಡೆಯಾಗಿ ಉಳಿದರೆ ಇನ್ನೂ ಒದ್ದೆ, ಪುಡಿಯಾದರೆ ಒಣಗಿ ಹೋಯಿತು. ನಿಧಾನವಾಗಿ ಬಿಚ್ಚಿಕೊಂಡರೆ ಹದ. ಬೆಂಗಳೂರಿನ ಮಾರ್ಚ್ ಬಿಸಿಲಿಗೆ ಇದು ಬೇಗ ಆಗುತ್ತದೆ, ಮರೆತು ಮಲಗಬೇಡಿ. ಗಟ್ಟಿ ಲಟಾಕಿಯಾ ಸೇದಿದ ಬ್ರಯರ್ ಮರದ ಪೈಪಿನಲ್ಲಿ ಮೈಲ್ಡ್ ಮಿಶ್ರಣದ ರುಚಿ ನೋಡಲೇಬೇಡಿ. ಹಳೆ ವಾಸನೆ ಮರದಲ್ಲೇ ಕೂತಿರುತ್ತದೆ. ಮೆಕ್ಕೆಜೋಳದ ದಿಂಡಿನ ಹೊಸ ಪೈಪ್ ಸಾಕು.

ಇಡುವವರು ಡಬ್ಬ ತೆರೆಯದೆ ಕತ್ತಲೆ, ತಂಪು ಜಾಗದಲ್ಲಿಡಿ, ಫ್ರಿಜ್ ಬೇಡ. ಕರಾವಳಿಯವರು ಆಗಾಗ ಅಂಚಿನಲ್ಲಿ ತುಕ್ಕು ಇದೆಯಾ ನೋಡಿ. ತುಕ್ಕು ತೂತಾಯಿತೋ, ಗಾಳಿ ಹೊಕ್ಕು ಎಲ್ಲ ಒಣಗಿತು. ತೆರೆದ ಮೇಲೆ ಬಿಗಿ ಮುಚ್ಚಳದ ಗಾಜಿನ ಜಾಡಿಗೆ ಹಾಕಿ. ಎಲೆ ಮೇಲೆ ಹರಳಿನಂಥ ಬಿಳಿ ಚುಕ್ಕೆ ಕಂಡರೆ ಗಾಬರಿ ಬೇಡ, ಹತ್ತಿಯ ಹಾಗೆ ಜೂಲು ಜೂಲಾಗಿದ್ದರೆ ಬೂಷ್ಟು, ಎಸೆಯಿರಿ. ನಮ್ಮ ಬೀರುವಿನಿಂದ ಹೋದ ಒಂದು ಡಬ್ಬವೂ ಬೂಷ್ಟು ಹಿಡಿದು ವಾಪಸ್ ಬಂದಿಲ್ಲ, ಇದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ.

ಮೈಲ್ಡ್ ಅಂದರೆ ರುಚಿಯ ಮಾತು. ದೇಹಕ್ಕೆ ಹಾನಿ ಕಡಿಮೆ ಅಂತಲ್ಲ, ಹಳೆಯದಾದರೂ ಕಡಿಮೆಯಾಗುವುದಿಲ್ಲ. ಹೊಸದಾಗಿ ಶುರು ಮಾಡುತ್ತೇನೆ ಅಂದವರಿಗೆ ಬೇಡ ಅಂದೇ ಹೇಳುತ್ತೇವೆ, ವ್ಯಾಪಾರ ಹೋದರೆ ಹೋಗಲಿ.

ನಿಮ್ಮದೇ ಡಬ್ಬಗಳನ್ನು ನಮ್ಮಲ್ಲಿ ಇಡಲು ಕೊಟ್ಟವರು ಚೀಟಿ ತಂದು ಈ ತಿಂಗಳೊಳಗೆ ತೆಗೆದುಕೊಂಡು ಹೋಗಿ. ಚೀಟಿ ಕಳೆದಿದ್ದರೂ ಬನ್ನಿ, ಯಾರ ಡಬ್ಬ ಯಾವ ಅಟ್ಟದಲ್ಲಿದೆ ನಮಗೆ ಗೊತ್ತು. ಅದಕ್ಕೆ ಬಾಡಿಗೆ ಹಿಂದೆಯೂ ಕೇಳಿಲ್ಲ, ಈಗಲೂ ಕೇಳುವುದಿಲ್ಲ. ಉಳಿದ ನಮ್ಮ ಹಳೆ ಡಬ್ಬಗಳು ಹಳೆ ರೇಟಿಗೇ, ಒಬ್ಬರಿಗೆ ಎರಡು. ಫೋನಿನಲ್ಲಿ ಎತ್ತಿಡಿ ಅಂದರೆ ಆಗುವುದಿಲ್ಲ, ದಯವಿಟ್ಟು ನೀವೇ ಬನ್ನಿ. ಭಾನುವಾರ ಎಂದಿನಂತೆ ರಜೆ.

ಇಂತಿ ನಿಮ್ಮ,
ಅಂಗಡಿಯವರು