ಹುಂಜ ಬೇಕೇ ಎನ್ನುವ ಮೊದಲು ಮರಿ ಬೇಕೇ ಎಂದು ನಿರ್ಧರಿಸಿ

ಮಾನ್ಯರೆ,

ಮಂಗಳೂರು, ಉಡುಪಿ ಪೇಟೆಯ ಐದಾರು ಸೆಂಟ್ಸ್ ಜಾಗದ ಮನೆಗಳಲ್ಲೂ ಈಗ ನಾಲ್ಕೈದು ಹೇಂಟೆ ಸಾಕುವವರಿದ್ದಾರೆ. ಸಂತೋಷವೇ. ಆದರೆ ಹೇಂಟೆಗಳ ಜೊತೆಗೆ ಹುಂಜವೊಂದನ್ನೂ ತಂದು ಬಿಡುವುದು, ಕೆಲವೇ ತಿಂಗಳಲ್ಲಿ ನೆರೆಮನೆಯವರೊಡನೆ ಮಾತು ನಿಲ್ಲುವುದು ಹಲವು ಕಡೆ ಆಗುತ್ತಿದೆ. ಹುಂಜ ಇಲ್ಲದಿದ್ದರೆ ಹೇಂಟೆ ಮೊಟ್ಟೆಯನ್ನೇ ಇಡದು ಎಂಬ ನಂಬಿಕೆ ಇದಕ್ಕೆ ಮುಖ್ಯ ಕಾರಣ. ಮೊಟ್ಟೆ ಇಡಲು ಹೇಂಟೆಗೆ ಬೇಕಾದ್ದು ಸಾಕಷ್ಟು ಹಗಲ ಬೆಳಕು, ಒಳ್ಳೆಯ ಮೇವು, ಸುಣ್ಣದಂಶ. ಹುಂಜ ಬೇಕಾಗುವುದು ಮೊಟ್ಟೆಯೊಳಗೆ ಮರಿ ಕಟ್ಟುವುದಕ್ಕೆ ಮಾತ್ರ. ಹುಂಜವಿದ್ದ ಮನೆಯ ಮೊಟ್ಟೆಯಲ್ಲಿ ಪೌಷ್ಟಿಕಾಂಶ ಹೆಚ್ಚು ಎಂಬುದೂ ನಿಜವಲ್ಲ.

ಬರೀ ಮೊಟ್ಟೆ ಸಾಕು ಎನ್ನುವವರಿಗೆ ಕರಾವಳಿಯ ಸೆಕೆಯಲ್ಲಿ ಹುಂಜ ಇಲ್ಲದಿರುವುದೇ ಲಾಭ. ಮಾರ್ಚ್‌ನಿಂದ ಮೇವರೆಗೆ ಇಲ್ಲಿ ಮಧ್ಯಾಹ್ನದ ಉಷ್ಣತೆ 33–34 ಡಿಗ್ರಿಗೆ ಹೋಗುತ್ತದೆ. ಅಷ್ಟು ಬಿಸಿಗೆ, ಹೇಂಟೆ ಕಾವಿಗೆ ಕೂರದಿದ್ದರೂ, ಹುಂಜ ಸೇರಿದ ಮೊಟ್ಟೆಯೊಳಗೆ ಭ್ರೂಣ ಅರೆಬರೆ ಬೆಳೆಯಲು ಶುರುವಾಗಿ ಸತ್ತುಹೋಗುತ್ತದೆ. ಗೂಡಿನಲ್ಲಿ ಕೆಲವು ದಿನ ಉಳಿದ ಮೊಟ್ಟೆ ಒಡೆದಾಗ ಕೆಲವೊಮ್ಮೆ ನೆತ್ತರಿನ ಎಳೆ ಕಾಣುವುದು ಹೀಗೆ. ಹುಂಜ ಇದ್ದವರು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮೊಟ್ಟೆ ತೆಗೆದು ತಂಪಿನಲ್ಲಿ ಇಡಲೇಬೇಕು.

ಕೂಗಿನ ವಿಷಯದಲ್ಲಿ ಆಸೆ ಬೇಡ. ಗೂಡನ್ನು ಗೋಣಿ ಮುಚ್ಚಿ ಕತ್ತಲು ಮಾಡಿದರೂ ಹುಂಜ ಕೂಗುತ್ತದೆ. ಬೆಳಕು ಬೀಳುವುದಕ್ಕೆ ಕಾಯದೆ ತನ್ನ ದೇಹದ ಗಡಿಯಾರವನ್ನೇ ನೋಡಿ ಕೂಗುತ್ತದೆ ಎಂದು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲೇ ತೋರಿಸಿದ್ದಾರೆ. ಕುತ್ತಿಗೆ ಎತ್ತಲಾಗದಂತೆ ತಗ್ಗು ಪೆಟ್ಟಿಗೆಯಲ್ಲಿ ಕೂಡಿಡುವುದು, ಕುತ್ತಿಗೆಗೆ ಪಟ್ಟಿ ಬಿಗಿಯುವುದು ಕೆಲವರ ಉಪಾಯ. ನಮ್ಮ ತೇವದ ಸೆಕೆಯಲ್ಲಿ ಮೊದಲನೆಯದು ಉಸಿರುಗಟ್ಟಿಸುತ್ತದೆ, ಎರಡನೆಯದು ಸ್ವಲ್ಪ ಬಿಗಿಯಾದರೆ ಜೀವವನ್ನೇ ತೆಗೆಯುತ್ತದೆ. ಎರಡನ್ನೂ ಮಾಡಬೇಡಿ. ಗೋಡೆಗೆ ಗೋಡೆ ಅಂಟಿದ ಬಡಾವಣೆಯಲ್ಲಿ, ಪಕ್ಕದ ಮನೆಯಲ್ಲಿ ಹಸುಗೂಸೋ ರಾತ್ರಿ ಪಾಳಿಯವರೋ ಇದ್ದರೆ, ಹುಂಜ ಸಾಕುವುದು ಸರಿಯಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಇನ್ನೊಂದು ತೊಂದರೆಯನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಂದು ಹುಂಜಕ್ಕೆ ಎಂಟು–ಹತ್ತು ಹೇಂಟೆ ಇರಬೇಕು. ಮೂರ್ನಾಲ್ಕೇ ಇದ್ದರೆ ಅವುಗಳ ಮೇಲೇ ಪದೇ ಪದೇ ಏರಿ ಬೆನ್ನಿನ ಪುಕ್ಕ ಕಿತ್ತುಹೋಗುತ್ತದೆ, ರೆಕ್ಕೆಯ ಕೆಳಗೆ ಕಾಲುಮುಳ್ಳು ಸೀಳಿ ಗಾಯವಾಗುತ್ತದೆ. ಪುಕ್ಕ ಮುಚ್ಚಿರುವುದರಿಂದ ಆ ಗಾಯ ಹೊರಗೆ ಕಾಣದು. ಹೇಂಟೆಯನ್ನು ಎತ್ತಿ, ರೆಕ್ಕೆ ಬಿಡಿಸಿಯೇ ನೋಡಬೇಕು. ಜೂನ್–ಜುಲೈ ಮಳೆಯಲ್ಲಿ ಅದಕ್ಕೆ ನೊಣ ಕೂತು ಹುಳವಾಗಲು ಹೆಚ್ಚು ದಿನ ಬೇಡ. ಗಾಯವಾದ ಹೇಂಟೆಯನ್ನು ಬೇರೆ ಮಾಡಿ, ಹುಂಜದ ಮುಳ್ಳಿನ ತುದಿಯನ್ನು ಮಾತ್ರ ಅರದಿಂದ ಉಜ್ಜಿ ಮೊಂಡು ಮಾಡಿ. ಬುಡದವರೆಗೆ ಕತ್ತರಿಸಿದರೆ ಒಳಗೆ ಜೀವಂತ ಎಲುಬಿದೆ, ನೆತ್ತರು ನಿಲ್ಲದು.

ಹುಂಜ ಕಾವಲು ಕಾಯುತ್ತದೆ ಎಂಬ ಮಾತು ಅರ್ಧ ನಿಜ. ಗಿಡುಗ ಮೇಲೆ ಸುತ್ತುವಾಗ ಒಂದು ಕೂಗು, ನಾಯಿ, ಮುಂಗುಸಿ ಬಂದಾಗ ಬೇರೆಯೇ ಕೂಗು ಹಾಕಿ ಹೇಂಟೆಗಳನ್ನು ಎಚ್ಚರಿಸುತ್ತದೆ. ಆದರೆ ರಾತ್ರಿ ಗೂಡಿಗೆ ನುಗ್ಗುವ ಹೆಬ್ಬಾವಿಗೋ ಪುನುಗು ಬೆಕ್ಕಿಗೋ ಅದು ಎದುರಲ್ಲ. ಅಲ್ಲಿ ಕಾಯುವುದು ಅರ್ಧ ಇಂಚಿನ ಬಲೆ ಮತ್ತು ಭದ್ರವಾದ ಚಿಲಕ.

ಮರಿ ಬೇಕೆನ್ನುವವರ ಲೆಕ್ಕ ಬೇರೆ. ನಿಮ್ಮಲ್ಲಿರುವುದು ಬಿವಿ 380 ಅಥವಾ ಗಿರಿರಾಜದಂಥ ಸುಧಾರಿತ ತಳಿ ಆದರೆ ಹುಂಜ ಇಟ್ಟು ಹೆಚ್ಚು ಪ್ರಯೋಜನವಿಲ್ಲ. ಅವು ಕಾವಿಗೆ ಕೂರುವುದು ಅಪರೂಪ, ಮರಿಗಳಲ್ಲೂ ತಾಯಿಯ ಗುಣ ಹಾಗೆಯೇ ಉಳಿಯದು. ಊರಿನ ಕೋಳಿ ಕಾವಿಗೆ ಕೂತಿದ್ದರೆ, ಹುಂಜವಿರುವ ಹಳ್ಳಿಮನೆಯಿಂದ ಒಂದು ವಾರದೊಳಗೆ ಇಟ್ಟ ಹತ್ತು ಮೊಟ್ಟೆ ತನ್ನಿ. ಫ್ರಿಜ್‌ನಲ್ಲಿ ಇಟ್ಟದ್ದು ಬೇಡ, ನೀರಿನಲ್ಲಿ ತೊಳೆದದ್ದೂ ಬೇಡ. ಉಮಿ ತುಂಬಿದ ಬುಟ್ಟಿಯಲ್ಲಿ ಚೂಪು ತುದಿ ಕೆಳಗಾಗಿ ತಂದು, ಅರ್ಧ ದಿನ ಅಲುಗಾಡಿಸದೆ ಇಟ್ಟು, ಕತ್ತಲಾದ ಮೇಲೆ ಹೇಂಟೆಯ ಅಡಿಗೆ ಸೇರಿಸಿ. ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿದರೆ ಜೀವವಿದ್ದ ಮೊಟ್ಟೆಯಲ್ಲಿ ಕಪ್ಪು ಚುಕ್ಕೆಯ ಸುತ್ತ ನೆತ್ತರ ನಾಳಗಳು ಜೇಡನ ಕಾಲುಗಳಂತೆ ಹರಡಿರುತ್ತವೆ. ಸ್ವಚ್ಛವಾಗಿ ಕಂಡದ್ದನ್ನು ತೆಗೆಯಿರಿ. 21ನೇ ದಿನ ಮರಿ. ಪೇಟೆಯವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಮೊಟ್ಟೆಯೊಡೆದು ಬಂದ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜ ಎಂಬುದನ್ನು ಮಾತ್ರ ಮರೆಯಬೇಡಿ. ನಾಲ್ಕೈದು ತಿಂಗಳಲ್ಲಿ ಅವೂ ಕೂಗುತ್ತವೆ, ತಮ್ಮತಮ್ಮಲ್ಲೇ ಕಾದಾಡುತ್ತವೆ. ಅವನ್ನು ಗಸಿಗೋ, ಮಾರಾಟಕ್ಕೋ, ಹರಕೆಗೋ ಎಂದು ಮೊಟ್ಟೆಯನ್ನು ಕಾವಿಗೆ ಇಡುವಾಗಲೇ ಯೋಚಿಸಿರಬೇಕು.

ತೋಟವಿದ್ದು, ಹುಂಜವನ್ನೇ ಸಾಕುವವರು ಹೊಸದನ್ನು ಹಿಂಡಿಗೆ ಬಿಡುವ ಮೊದಲು ಕನಿಷ್ಠ ಮೂರು ವಾರ ಬೇರೆಯಾಗಿ ಇಡಿ. ಕೋಳಿ ಅಂಕಕ್ಕೆ (ಕೋಳಿ ಕಾಳಗಕ್ಕೆ) ಹೋಗಿಬಂದ ಹುಂಜವನ್ನಂತೂ ತರಲೇಬೇಡಿ. ಹತ್ತೂರಿನ ಕೋಳಿ ಸೇರುವ ಜಾಗದಿಂದ ರಾಣಿಖೇತ್ ಎಂಬ ಮಾರಕ ಸಾಂಕ್ರಾಮಿಕ ರೋಗ ಹಿತ್ತಲಿಗೆ ಬರುವ ಸುಲಭ ದಾರಿ ಅದು. ಲಸಿಕೆಯೇ ಮುಖ್ಯ ರಕ್ಷಣೆ. ಆದರೆ ಲಸಿಕೆಯ ಬಾಟಲಿ ನೂರು ಡೋಸಿಗೆ ಕಡಿಮೆ ಸಿಗುವುದು ಕಷ್ಟ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಆರು ಕೋಳಿ ಇರುವವರು ಏನು ಮಾಡಬೇಕು? ಪಶುಪಾಲನಾ ಇಲಾಖೆಯವರು ಪ್ರತಿ ಪಶು ಆಸ್ಪತ್ರೆಯಲ್ಲಿ ತಿಂಗಳಿಗೊಂದು ದಿನವನ್ನು ಹಿತ್ತಲ ಕೋಳಿಗಳ ಲಸಿಕೆಗೆಂದು ಗೊತ್ತುಮಾಡಿ, ಮೊದಲೇ ಪ್ರಕಟಿಸಬೇಕಾಗಿ ವಿನಂತಿ.

– ಕೋಳಿ ಸಾಕಣೆದಾರ, ಬ್ರಹ್ಮಾವರ